ಹ್ಯಾರಿ ಕಿರುಚದೆ ಇನ್ನೇನು ಮಾಡಬೇಕಿತ್ತು?

"ಹ್ಯಾರಿ ಪಾಟರ್‌ನಲ್ಲಿ ಐದನೇದು ಮಾತ್ರ ಬಿಟ್ಟುಬಿಡು, ಬರೀ ಗೋಳು." ಈ ಮಾತನ್ನು ಇನ್ನೊಬ್ಬರು ಬಂದು ನನ್ನ ಅಕ್ಕನ ಮಗನಿಗೆ ಹೇಳಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ನಿಜವಾಗಿಯೂ ಸಾಕಾಗಿದೆ. ಹುಡುಗ ನಾಲ್ಕನೇ ಪುಸ್ತಕ ಮುಗಿಸಿ, ಐದನೆಯದನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಯೆಲ್ಲ ಓಡಾಡುತ್ತಿದ್ದಾನೆ. ಊಟಕ್ಕೆ ಕರೆದರೂ ಕೈಯಲ್ಲಿ ಪುಸ್ತಕ. ಅಂಥವನ ಉತ್ಸಾಹಕ್ಕೆ ತಣ್ಣೀರು ಎರಚಲು ಮನೆಗೆ ಬಂದವರೆಲ್ಲ ಸಾಲುಗಟ್ಟಿ ನಿಂತಿದ್ದಾರೆ. ಒಬ್ಬರು ಹ್ಯಾರಿ ಅಳುಬುರುಕ ಅಂತಾರೆ. ಇನ್ನೊಬ್ಬರು ಸಿಡುಕ ಅಂತಾರೆ. ಮತ್ತೊಬ್ಬ ಮಹಾನುಭಾವರು, ಹತ್ತಿರದ ಸಂಬಂಧಿಕರೇ, ಕಾಫಿ ಕುಡಿಯುತ್ತಾ ಕೊನೆಯಲ್ಲಿ ಯಾರು ಸಾಯುತ್ತಾರೆ ಅಂತಲೂ ಹೇಳಿಬಿಟ್ಟರು. ಹುಡುಗನ ಮುಖ ನೋಡಬೇಕಿತ್ತು. "ಅಯ್ಯೋ, ಇಪ್ಪತ್ತು ವರ್ಷದ ಹಿಂದಿನ ಪುಸ್ತಕ ಅಲ್ವಾ, ಗೊತ್ತಿಲ್ವಾ?" ಅಂತ ನಗು ಬೇರೆ. ಅವನು ಹುಟ್ಟಿ ಹದಿಮೂರು ವರ್ಷ ಆಗಿದೆ ಸ್ವಾಮಿ. ಅವನಿಗೆ ಅದು ಇವತ್ತಿನ ಪುಸ್ತಕ.

ನಾನು ಹೇಳುತ್ತಿರುವುದು ಮಾಯಾವಿದ್ಯೆ ಕಲಿಯುವ ಹುಡುಗನ ಬಗ್ಗೆ ಜೆ.ಕೆ. ರೌಲಿಂಗ್ ಬರೆದ ಸರಣಿಯ 'ಹ್ಯಾರಿ ಪಾಟರ್ ಅಂಡ್ ದಿ ಆರ್ಡರ್ ಆಫ್ ದಿ ಫೀನಿಕ್ಸ್' ಬಗ್ಗೆ. 2003ರ ಜೂನ್ 21ಕ್ಕೆ ಬಂತು. ನಾಲ್ಕನೆಯದು ಬಂದಿದ್ದು 2000ದ ಜುಲೈಯಲ್ಲಿ. ನಡುವೆ ಸುಮಾರು ಮೂರು ವರ್ಷ ಲೋಕವೆಲ್ಲ ಬಾಯಿಬಿಟ್ಟುಕೊಂಡು ಕಾದಿತ್ತು. ಅಮೆರಿಕದಲ್ಲಿ ಮೊದಲ ದಿನವೇ 50 ಲಕ್ಷ ಪ್ರತಿ ಖರ್ಚಾಯಿತು. ಅರ್ಧರಾತ್ರಿ ಅಂಗಡಿ ಮುಂದೆ ಕ್ಯೂ ನಿಂತು ಕೊಂಡ ಜನವೇ, ಓದಿ ಮುಗಿಸಿದ ಮೇಲೆ ಶುರು ಮಾಡಿದರು. ಈ ಹುಡುಗನಿಗೆ ಏನಾಗಿದೆ? ಯಾಕಿಷ್ಟು ಕೂಗಾಡುತ್ತಾನೆ? ನಮ್ಮ ಮುದ್ದು ಹ್ಯಾರಿ ಎಲ್ಲಿ ಹೋದ? ಆ ಗೊಣಗಾಟ ಇವತ್ತಿಗೂ ನಿಂತಿಲ್ಲ. ಓದದೇ ಇರುವವರೂ ಕೇಳಿದ್ದನ್ನೇ ಒಪ್ಪಿಸುತ್ತಾರೆ.

ಏನಾಗಿದೆ ಅಂತ ಕೇಳ್ತೀರಾ? ಹೇಳ್ತೀನಿ ಕೇಳಿ.

ನಾಲ್ಕನೇ ಪುಸ್ತಕದ ಕೊನೆಯಲ್ಲಿ ಅವನ ಪಕ್ಕದಲ್ಲೇ ನಿಂತಿದ್ದ, ಅದೇ ಶಾಲೆಯ ಸೆಡ್ರಿಕ್‌ನನ್ನು ಕೊಂದುಹಾಕುತ್ತಾರೆ. ಕಣ್ಣೆದುರಿಗೆ. ಹ್ಯಾರಿಯನ್ನು ಸಮಾಧಿಯ ಕಲ್ಲಿಗೆ ಕಟ್ಟಿಹಾಕಿ, ಅವನ ರಕ್ತ ತೆಗೆದು, ದೇಹ ಕಳೆದುಕೊಂಡಿದ್ದ ದುಷ್ಟ ಮಾಂತ್ರಿಕ ವೋಲ್ಡೆಮಾರ್ಟ್ ಎದ್ದು ಬರುತ್ತಾನೆ. ಹುಡುಗ ಆ ಹೆಣವನ್ನು ಹಿಡಿದುಕೊಂಡು ವಾಪಸ್ ಬರುತ್ತಾನೆ. ಇದು ಜೂನ್ ತಿಂಗಳ ಕಥೆ. ಐದನೇ ಪುಸ್ತಕ ಶುರುವಾಗುವುದು ಆಗಸ್ಟ್ ಮೊದಲ ವಾರದಲ್ಲಿ. ಒಂದೂವರೆ ತಿಂಗಳೂ ಆಗಿಲ್ಲ! ಅಷ್ಟರಲ್ಲಿ ಅವನನ್ನು ಎಲ್ಲಿಗೆ ಕಳಿಸಿದ್ದಾರೆ? ಪ್ರಿವೆಟ್ ಡ್ರೈವ್‌ಗೆ. ಅವನ ಮುಖ ಕಂಡರಾಗದ ದೊಡ್ಡಮ್ಮನ ಮನೆಗೆ. ಅಲ್ಲಿ ಅವನು ಕಿಟಕಿಯ ಕೆಳಗೆ, ಹೂವಿನ ಗಿಡಗಳ ನಡುವೆ ಅಂಗಾತ ಮಲಗಿ ಕದ್ದು ಟಿವಿ ವಾರ್ತೆ ಕೇಳುತ್ತಾನೆ. ಯಾರಾದರೂ ಸತ್ತ ಸುದ್ದಿ ಬಂದೀತಾ ಅಂತ. ಗೆಳೆಯರ ಕಾಗದ ಬರುತ್ತೆ, ಅದರಲ್ಲಿ ಏನೂ ಇರುವುದಿಲ್ಲ. ಹೆಚ್ಚಿಗೆ ಹೇಳುವ ಹಾಗಿಲ್ಲ, ಹುಷಾರಾಗಿರು, ಅಷ್ಟೇ. ಶಾಲೆಯ ಹೆಡ್‌ಮಾಸ್ಟರ್ ಡಂಬಲ್‌ಡೋರ್ ಒಂದು ಸಾಲೂ ಬರೆಯುವುದಿಲ್ಲ. ರಾನ್, ಹರ್ಮಯೊನಿ ಹುಟ್ಟುಹಬ್ಬಕ್ಕೆ ಕಳಿಸಿದ ಚಾಕೊಲೇಟನ್ನು ಈ ಹುಡುಗ ಡಬ್ಬ ಬಿಚ್ಚದೆ ಕಸದ ಬುಟ್ಟಿಗೆ ಎಸೆಯುತ್ತಾನೆ. ಆ ಒಂದು ಸಾಲು ಸಾಕಿತ್ತು ನನಗೆ. ಅವನ ಒಳಗೆ ಎಷ್ಟು ಬೇಯುತ್ತಿದೆ ಅಂತ ಗೊತ್ತಾಗಲು ಇನ್ನೇನು ಬೇಕು?

ರಾತ್ರಿ ನಿದ್ದೆಯಲ್ಲಿ ಸೆಡ್ರಿಕ್ ಹೆಸರು ಹಿಡಿದು ನರಳುತ್ತಾನೆ. ಅದನ್ನು ಕೇಳಿಸಿಕೊಂಡ ದೊಡ್ಡಮ್ಮನ ಮಗ ಡಡ್ಲಿ, ಯಾರೋ ಅದು, ನಿನ್ನ ಬಾಯ್‌ಫ್ರೆಂಡಾ ಅಂತ ಛೇಡಿಸುತ್ತಾನೆ. ಇಷ್ಟೆಲ್ಲ ಆದಮೇಲೆ, ಮನಸ್ಸಿನ ಸಂತೋಷವನ್ನೆಲ್ಲ ಹೀರುವ ಡಿಮೆಂಟರ್‌ಗಳು ಬೇರೆ ಮೇಲೆ ಬಿದ್ದಮೇಲೆ, ಕೊನೆಗೂ ಗೆಳೆಯರು ಸಿಗುತ್ತಾರೆ. ನೋಡಿದರೆ ಅವರಿಬ್ಬರೂ ಒಟ್ಟಿಗೇ ಇದ್ದಾರೆ, ದೊಡ್ಡವರ ನಡುವೆ ಇದ್ದಾರೆ, ಇವನಿಗಿಂತ ಜಾಸ್ತಿ ವಿಷಯ ತಿಳಿದುಕೊಂಡಿದ್ದಾರೆ. ಆಗ ಅವನು ಕಿರುಚುತ್ತಾನೆ. ಇಂಗ್ಲಿಷ್ ಪುಸ್ತಕದಲ್ಲಿ ಆ ಮಾತುಗಳನ್ನು ದಪ್ಪ ದಪ್ಪ ಕ್ಯಾಪಿಟಲ್ ಅಕ್ಷರಗಳಲ್ಲೇ ಅಚ್ಚು ಹಾಕಿದ್ದಾರೆ. ಅದೇ ಜನರಿಗೆ ಕಣ್ಣು ಚುಚ್ಚಿದ್ದು. ಕೂಗಿದ್ದು ತಪ್ಪಂತೆ. ಹದಿನೈದರ ಹುಡುಗ ಇನ್ನೇನು, ಕೈಕಟ್ಟಿ ಕೂತು ಭಗವದ್ಗೀತೆ ಹೇಳಬೇಕಿತ್ತಾ?

ಹದಿನೈದು ವರ್ಷ ಅಂದರೆ ನಮ್ಮಲ್ಲಿ ಎಸ್ಸೆಸ್ಸೆಲ್ಸಿ. ಅವನಿಗೂ ಅದೇ ವರ್ಷ ಔಲ್ ಅಂತ ದೊಡ್ಡ ಪರೀಕ್ಷೆ. ನಮ್ಮ ಮನೆಗಳಲ್ಲಿ ಹತ್ತನೇ ಕ್ಲಾಸಿನ ಮಗು ಇದ್ದರೆ ಟಿವಿ ಕೇಬಲ್ ತೆಗೆಸುತ್ತೇವೆ, ಮದುವೆಗೆ ಹೋಗೋದನ್ನೂ ನಿಲ್ಲಿಸುತ್ತೇವೆ. ಅದು ಬಾಗಿಲು ಧಡಾರ್ ಅಂತ ಹಾಕಿಕೊಂಡರೂ "ಪಾಪ, ಟೆನ್ಷನ್" ಅಂತ ಸುಮ್ಮನಾಗುತ್ತೇವೆ. ಪುಸ್ತಕದಲ್ಲೂ ಪರೀಕ್ಷೆ ಹತ್ತಿರ ಬಂದಾಗ ಒಂದು ಹುಡುಗಿ ಕ್ಲಾಸಿನಲ್ಲೇ ಗೊಳೋ ಅಂತ ಅಳುತ್ತಾಳೆ, ಅವಳಿಗೆ ಸಮಾಧಾನದ ಔಷಧಿ ಕುಡಿಸುತ್ತಾರೆ. ಅದಕ್ಕೆ ಯಾರೂ ಮುಖ ಗಂಟಿಕ್ಕಲಿಲ್ಲ. ಪರೀಕ್ಷೆಗೆ ಅತ್ತರೆ ಪಾಪ. ಸಾವು ನೋಡಿ ಕೂಗಿದರೆ ಅಳುಬುರುಕ. ಇದ್ಯಾವ ನ್ಯಾಯ?

ಇನ್ನು ಅಂಬ್ರಿಜ್, ಆ ವರ್ಷ ಸರ್ಕಾರ ಶಾಲೆಗೆ ಕಳಿಸಿದ ಟೀಚರಮ್ಮ. ಈ ಹೆಂಗಸಿನ ವಿಷಯ ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಭಯಾನಕ ಕಥೆ ಬರೆದೇ ಹೆಸರು ಮಾಡಿದ ಸ್ಟೀಫನ್ ಕಿಂಗ್ ಕೂಡ ಆಗ ವಿಮರ್ಶೆ ಬರೆಯುತ್ತಾ, ಇವಳನ್ನು ನರಭಕ್ಷಕ ಖಳನಾಯಕ ಹ್ಯಾನಿಬಲ್ ಲೆಕ್ಟರ್ ಸಾಲಿಗೆ ಸೇರಿಸಿದ್ದರು. ಗುಲಾಬಿ ಕಾರ್ಡಿಗನ್, ಗೋಡೆ ತುಂಬ ಬೆಕ್ಕಿನ ಮರಿಗಳ ಚಿತ್ರದ ತಟ್ಟೆಗಳು, ಸಕ್ಕರೆಯಂಥ ದನಿ. ಸೆಡ್ರಿಕ್ ಸತ್ತಿದ್ದು ಆಕಸ್ಮಿಕ ಅಂತಾಳೆ. ಅಲ್ಲ, ಕೊಲೆ ಅಂತ ಹ್ಯಾರಿ ಕ್ಲಾಸಿನಲ್ಲೇ ಎದ್ದು ಹೇಳುತ್ತಾನೆ. ಅದಕ್ಕೆ ಶಿಕ್ಷೆ. ಸಂಜೆ ಐದಕ್ಕೆ ಬಾ, ಸಾಲು ಬರೆ. ಕೈಗೆ ಒಂದು ಕಪ್ಪು ಗರಿಯ ಪೆನ್ನು ಕೊಡುತ್ತಾಳೆ, ಮೊನೆ ತುಂಬ ಚೂಪು. ಶಾಯಿ ಎಲ್ಲಿ ಅಂದರೆ ಶಾಯಿ ಬೇಕಾಗಲ್ಲ ಅಂತಾಳೆ. 'ನಾನು ಸುಳ್ಳು ಹೇಳಬಾರದು' ಅಂತ ಬರೆಯಬೇಕು. ಬರೆದ ಹಾಗೆಲ್ಲ ಕಾಗದದ ಮೇಲೆ ಕೆಂಪಗೆ ಹೊಳೆಯುವ ಅಕ್ಷರ, ಅದೇ ಹೊತ್ತಿಗೆ ಅವನ ಬಲಗೈ ಹಿಂಬದಿಯಲ್ಲಿ ಚಾಕುವಿನಿಂದ ಕೊರೆದ ಹಾಗೆ ಅದೇ ಅಕ್ಷರ. ಬರೆಯುತ್ತಿರುವುದು ಅವನ ರಕ್ತದಲ್ಲೇ. ಗಾಯ ಮುಚ್ಚಿಕೊಳ್ಳುತ್ತೆ, ಮುಂದಿನ ಸಾಲಿಗೆ ಮತ್ತೆ ತೆರೆಯುತ್ತೆ. ಅರ್ಧರಾತ್ರಿ ದಾಟುವವರೆಗೆ. ಮರುದಿನ ಮತ್ತೆ. ಅದರ ಮರುದಿನವೂ. ಕೊನೆಗೆ ಗಾಯ ಮುಚ್ಚಿಕೊಳ್ಳುವುದೇ ನಿಲ್ಲುತ್ತೆ.

ಆಗ ಈ 'ಅಳುಬುರುಕ' ಏನು ಮಾಡಿದ ಗೊತ್ತಾ? ಅವಳೆದುರು ಒಂದು ಸಲ 'ಅಯ್ಯೋ' ಅನ್ನಲಿಲ್ಲ. ಕರುಣೆ ಕೇಳಲಿಲ್ಲ. ದೊಡ್ಡವರು ಯಾರಿಗೂ ಹೇಳಲೂ ಇಲ್ಲ. ರಾನ್ ಕೈ ನೋಡಿಬಿಟ್ಟು, ಟೀಚರ್ ಮೆಕ್‌ಗೊನಗಲ್‌ಗೆ ಹೇಳೋ ಅಂತ ಗೋಗರೆದರೂ ಇಲ್ಲ ಅಂದ. ಇಂಥ ಹುಡುಗನನ್ನು ಗೋಳುಕರೆಯುವವನು ಅಂತ ಯಾವ ಬಾಯಲ್ಲಿ ಹೇಳ್ತಾರೋ ನನಗಂತೂ ಅರ್ಥವಾಗಿಲ್ಲ. ಆ ಅಧ್ಯಾಯವನ್ನು ಇವರು ಓದಿದ್ದಾರಾ, ಸುಮ್ನೆ ಪುಟ ತಿರುವಿದ್ದಾರಾ? ಆ ಮೆಕ್‌ಗೊನಗಲ್ ಮೇಡಂ ಕೂಡ, ಶಿಕ್ಷೆಗೆ ಮುಂಚೆ ಕ್ಲಾಸಿನ ಜಗಳದ ಸುದ್ದಿ ಕೇಳಿ ಮೊದಲು ಮಾಡಿದ್ದೇನು? ಬಿಸ್ಕತ್ತು ತಗೋ ಅಂದರು. ಆಮೇಲೆ, ತಗ್ಗಿ ನಡೆ ಅಂದರು. ಒಳ್ಳೆಯವರೇ, ಅವರ ಮೇಲೆ ನನಗೆ ಪ್ರೀತಿಯೇ. ಆದರೂ ಆ ಮಗು ಎದುರಿಗೆ ನಿಂತಾಗ ದೊಡ್ಡವರು ಕೊಟ್ಟಿದ್ದು ಅಷ್ಟೇ.

ಡಂಬಲ್‌ಡೋರ್ ಅಂತೂ ಇಡೀ ವರ್ಷ ಹುಡುಗನ ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ. ಕಾರಣ ಏನಾದರೂ ಇರಲಿ, ಕಾರಣ ಇದೆ ಅಂತಲಾದರೂ ಹೇಳಬಹುದಿತ್ತಲ್ಲ? ಕಂಡೋರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಕೆಲಸ ಇದು. ಸ್ನೇಪ್ ಮೇಷ್ಟ್ರ ಹತ್ತಿರ ಪಾಠಕ್ಕೆ ಕಳಿಸಿದ್ದು ಬೇರೆ, ಹುಡುಗನನ್ನು ಕಂಡರೆ ಹಲ್ಲು ಕಡಿಯುವ ಆಸಾಮಿ ಹತ್ತಿರ. ತಮಾಷೆ ಏನೆಂದರೆ, ಇದೆಲ್ಲ ತಪ್ಪಾಯಿತು ಅಂತ ಪುಸ್ತಕವೇ ಒಪ್ಪಿಕೊಳ್ಳುತ್ತದೆ. ಕೊನೆಯಲ್ಲಿ ಹ್ಯಾರಿ ಡಂಬಲ್‌ಡೋರ್ ಕೋಣೆಯ ಸಾಮಾನೆಲ್ಲ ಎತ್ತಿ ಎಸೆದು ಒಡೆದುಹಾಕುತ್ತಾನೆ. ಅವರು ತಡೆಯುವುದಿಲ್ಲ, ಬೈಯುವುದಿಲ್ಲ. ತಪ್ಪು ನನ್ನದು, ಎಳೆಯ ವಯಸ್ಸು ಹೇಗಿರುತ್ತೆ ಅನ್ನುವುದನ್ನು ಮುದುಕರು ಮರೆತರೆ ಅದು ಮುದುಕರದೇ ತಪ್ಪು ಅನ್ನುವ ಅರ್ಥದ ಮಾತು ಆಡುತ್ತಾರೆ. ಅಷ್ಟು ಬಿಡಿಸಿ ಹೇಳಿದ ಮೇಲೂ ಓದಿದವರು ಪುಸ್ತಕ ಮುಚ್ಚಿ "ಹುಡುಗ ಸರಿ ಇಲ್ಲ" ಅಂದರೆ ನಾನು ತಲೆ ಎಲ್ಲಿ ಚಚ್ಚಿಕೊಳ್ಳಲಿ?

ಇನ್ನೂ ಒಂದು. ಕಥೆಯೊಳಗಿನ ಪತ್ರಿಕೆ ಡೈಲಿ ಪ್ರಾಫೆಟ್ ವರ್ಷವಿಡೀ ಬರೆಯುವುದೂ ಇದನ್ನೇ: ಹುಡುಗನಿಗೆ ಗಮನ ಸೆಳೆಯುವ ಚಟ, ತಲೆ ನೆಟ್ಟಗಿಲ್ಲ, ಸುಳ್ಳುಬುರುಕ. ವೋಲ್ಡೆಮಾರ್ಟ್ ವಾಪಸ್ ಬಂದ ಅಂತ ಒಪ್ಪಲು ಮನಸ್ಸಿಲ್ಲದ ಮಂತ್ರಿಗಳಿಗೂ ಅದೇ ಬೇಕಿತ್ತು. ಅವರು ಬರೆಸಿದ್ದನ್ನು ನಮ್ಮವರು ಕಂಠಪಾಠ ಮಾಡಿ ಒಪ್ಪಿಸುತ್ತಿದ್ದಾರೆ, ಸಂಬಳವಿಲ್ಲದೆ.

ಉದ್ದ ಜಾಸ್ತಿಯಾಯಿತು ಅನ್ನುವವರ ಜೊತೆ ನನಗೆ ಜಗಳ ಇಲ್ಲ. ಆಯಿತು. ಬ್ರಿಟನ್ನಿನ ಪ್ರತಿ 766 ಪುಟ, 38 ಅಧ್ಯಾಯ, ಇಡೀ ಸರಣಿಯಲ್ಲಿ ಇದೇ ದಪ್ಪ. ಇನ್ನೂ ಚಿಕ್ಕದಾಗಿಸಬಹುದಿತ್ತು ಅಂತ ಬರೆದವರೇ ಆಮೇಲೆ ಹೇಳಿಕೊಂಡಿದ್ದಾರೆ. ಗೆಳೆಯರು ತಂಗಿದ್ದ ಆ ಹಳೇ ಮನೆಯ ಧೂಳು ಹೊಡೆಯುವ ಪುಟಗಳು ನನಗೂ ಎಳೆದ ಹಾಗೆ ಅನಿಸಿತ್ತು. ಗ್ರಾಪ್ ಅನ್ನುವ ದೈತ್ಯನ ಭಾಗವನ್ನು ಪೂರ್ತಿ ಕತ್ತರಿಸಿದ್ದರೂ ನಾನು ಹುಡುಕುತ್ತಿರಲಿಲ್ಲ.

ಆದರೆ "ಏನೂ ನಡೆಯುವುದೇ ಇಲ್ಲ" ಅಂತಾರಲ್ಲ, ಅವರನ್ನು ಮಾತ್ರ ಬಿಡುವುದಿಲ್ಲ. ಆಸ್ಪತ್ರೆಯ ಅಧ್ಯಾಯ ಓದಿದ್ದೀರಾ? ಕ್ರಿಸ್‌ಮಸ್ ಹೊತ್ತು. ಹ್ಯಾರಿಯ ಕ್ಲಾಸಿನ ನೆವಿಲ್ ಅಜ್ಜಿ ಜೊತೆ ಅಪ್ಪ ಅಮ್ಮನನ್ನು ನೋಡಲು ಬಂದಿದ್ದಾನೆ. ಹಿಂಸೆ ಕೊಟ್ಟು ಕೊಟ್ಟು ಅವರಿಬ್ಬರಿಗೂ ಬುದ್ಧಿ ಕೆಟ್ಟಿದೆ, ಮಗನ ಗುರುತೂ ಇಲ್ಲ. ಅಮ್ಮ ಎದ್ದು ಬಂದು ಅವನ ಕೈಗೆ ಏನೋ ಕೊಡುತ್ತಾಳೆ. ನೋಡಿದರೆ ಬಬಲ್‌ಗಮ್ಮಿನ ಖಾಲಿ ಕಾಗದ. ಅಜ್ಜಿ, ಇಂಥವು ನಿನ್ನ ರೂಮಿನ ಗೋಡೆಗೆಲ್ಲ ಅಂಟಿಸುವಷ್ಟು ಆಗಿವೆ, ಕಸಕ್ಕೆ ಹಾಕು ಅಂತಾಳೆ. ಹುಡುಗ ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ. ಹ್ಯಾರಿ ನೋಡಿದ. ನಾನೂ ನೋಡಿದೆ, ಪುಸ್ತಕ ಪಕ್ಕಕ್ಕಿಟ್ಟು ಅಡುಗೆಮನೆಗೆ ಎದ್ದು ಹೋದೆ. ಏನೂ ನಡೆಯುವುದಿಲ್ಲವಂತೆ! ಕತ್ತಿ ಕಾಳಗ ಆದರೆ ಮಾತ್ರ ಇವರಿಗೆ ನಡೆದ ಲೆಕ್ಕ.

ಚೋ ಚಾಂಗ್ ಬಗ್ಗೆ ಆಡಿಕೊಳ್ಳುವವರು ಬೇರೆ ಇದ್ದಾರೆ. ಯಾವಾಗಲೂ ಅಳ್ತಾಳಂತೆ. ಅಲ್ರೀ, ಸತ್ತ ಸೆಡ್ರಿಕ್ ಅವಳ ಹುಡುಗ. ಅವಳಲ್ಲದೆ ಇನ್ಯಾರು ಅಳಬೇಕು, ಪಕ್ಕದ ಮನೆಯವರಾ?

ಆಮೇಲೆ ಆ ಕನ್ನಡಿಯ ತಗಾದೆ, ದೂರದಿಂದಲೇ ಮುಖ ನೋಡಿ ಮಾತಾಡುವ ಮಾಯಾ ಕನ್ನಡಿ. ಹ್ಯಾರಿಗೆ ಅಪ್ಪನ ಸ್ಥಾನದಲ್ಲಿದ್ದ, ಪೊಲೀಸರಿಗೆ ಸಿಗದಂತೆ ಅಡಗಿಕೊಂಡಿದ್ದ ಸಿರಿಯಸ್ ಕೊಟ್ಟ ಪೊಟ್ಟಣವನ್ನು ಹ್ಯಾರಿ ಮೊದಲೇ ಬಿಚ್ಚಿ ನೋಡಿದ್ದರೆ ಯಾರೂ ಸಾಯುತ್ತಲೇ ಇರಲಿಲ್ಲ, ದಡ್ಡ, ತಾನೇ ಮಾಡಿಕೊಂಡಿದ್ದು ಅಂತ. ಅವನು ಯಾಕೆ ಬಿಚ್ಚಲಿಲ್ಲ ಅನ್ನುವುದು ಅಲ್ಲೇ ಬರೆದಿದೆ. ತನ್ನಿಂದಾಗಿ ಸಿರಿಯಸ್ ಮನೆಯಿಂದ ಹೊರಗೆ ಬಂದು ಸಿಕ್ಕಿಬೀಳಬಾರದು ಅಂತ ಅದನ್ನು ಮುಟ್ಟಬಾರದೆಂದು ತೀರ್ಮಾನ ಮಾಡಿರುತ್ತಾನೆ. ಕಾಪಾಡಲು ಹೋಗಿ ಕಳೆದುಕೊಂಡ. ಅವನು ಆ ಕನ್ನಡಿಯನ್ನು ಪೆಟ್ಟಿಗೆಯ ತಳದಿಂದ ತೆಗೆಯುವ ಹೊತ್ತಿಗೆ ಅದರಲ್ಲಿ ಕಾಣುವುದು ಅವನ ಮುಖವೇ. ಅದನ್ನು ಓದಿ ದಡ್ಡ ಅನ್ನಲು ಕಲ್ಲಿನ ಮನಸ್ಸು ಬೇಕು.

ಮುದ್ದು ಹುಡುಗ ಬೇಕಿದ್ದರೆ ಮೊದಲನೇ ಪುಸ್ತಕ ಇದೆ, ಅದನ್ನೇ ಮತ್ತೆ ಮತ್ತೆ ಓದಿಕೊಳ್ಳಿ. ಯಾರು ಬೇಡ ಅಂದರು? ಹನ್ನೊಂದು ವರ್ಷ, ಗೂಬೆ, ರೈಲು, ಟೋಪಿ, ಎಲ್ಲ ಅಲ್ಲೇ ಇದೆ. ಈ ಪುಸ್ತಕ ಬೇಕಾಗಿರುವುದು ನನ್ನ ಅಕ್ಕನ ಮಗನಂಥವರಿಗೆ. ದನಿ ಒಡೆಯುತ್ತಿದೆ, ಮಾತು ಮಾತಿಗೆ ಕೋಪ ಬರುತ್ತೆ, ಯಾಕೆ ಅಂತ ಅವನಿಗೇ ಗೊತ್ತಾಗುವುದಿಲ್ಲ. ಮೊನ್ನೆ ಹ್ಯಾರಿ ಕೂಗಾಡುವ ಪುಟವನ್ನು ನನಗೆ ಜೋರಾಗಿ ಓದಿ ಹೇಳಿದ, ನಗುನಗುತ್ತಾ, ಪೂರ್ತಿ ಅಭಿನಯದ ಜೊತೆ. ಅವರಮ್ಮ ಒಳಗಿನಿಂದ "ಏನೋ ಅದು ಗಲಾಟೆ" ಅಂದಳು. "ಹ್ಯಾರಿ!" ಅಂದ. ಅವನಿಗೆ ಆ ಪುಟ ಗೋಳು ಅನಿಸಲೇ ಇಲ್ಲ.

ಅಂದಹಾಗೆ, ಇದೇ ಜನ 2005ರಲ್ಲಿ ಆರನೆಯದು ಬಂದಾಗ ಏನಂದರು ಗೊತ್ತಾ? ಸಿರಿಯಸ್ ಸತ್ತಿದ್ದನ್ನು ಹ್ಯಾರಿ ಇಷ್ಟು ಬೇಗ ಹೇಗೆ ಮರೆತ, ಸ್ವಲ್ಪವೂ ದುಃಖ ಇಲ್ವಾ ಅಂತ! ಐದರಲ್ಲಿ ಅತ್ತರೆ ಗೋಳು, ಆರರಲ್ಲಿ ಅಳದಿದ್ದರೆ ಕಲ್ಲು. ಆ ಜಗಳ ಇನ್ನೊಂದು ದಿನ ಆಡುತ್ತೇನೆ. ಈಗ ಆ ಕಾಫಿ ಕುಡಿದ ಸಂಬಂಧಿಕರು ಭಾನುವಾರ ಮತ್ತೆ ಬರುತ್ತಾರಂತೆ. ಹುಡುಗ ಇನ್ನೂ ಅಂಬ್ರಿಜ್ ಹತ್ತಿರ ಇದ್ದಾನೆ. ಅವರು ಬಾಯಿ ತೆರೆಯುವ ಮೊದಲು ಒಂದು ಕೋಡುಬಳೆ ತುರುಕುವುದು ಅಂತ ನಾನೂ ಅಕ್ಕನೂ ಮಾತಾಡಿಕೊಂಡಿದ್ದೇವೆ.