ಆ ಏದುಸಿರಿಗೆ ಕಾರಣ ಚಳಿಯಲ್ಲ

ದಕ್ಷಿಣ ಧ್ರುವದ ಸಂಶೋಧನಾ ಕೇಂದ್ರಕ್ಕೆ ಹೋದ ಶಾಲಾ ಟೀಚರ್ ಒಬ್ಬರ ಮೊದಲ ದಿನದ ಬಗ್ಗೆ ನೀವು ಬರೆದಿರುವುದು ಬಹಳ ಇಷ್ಟವಾಯಿತು. ನಾನು ಮೂಡಿಗೆರೆ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳಿಗೆ ಖಂಡಿತ ಓದಿ ಹೇಳುತ್ತೇನೆ.

ಆದರೆ ಅವರು ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಚಳಿಗೆ ಹಾಗಾಯಿತು ಎಂದು ಮಕ್ಕಳು ತಿಳಿದುಬಿಡುತ್ತಾರೆ. ನಿಜವಾದ ಕಾರಣ ಎತ್ತರ: ಮೇಲೆ ಹೋದಷ್ಟೂ ಗಾಳಿ ತೆಳುವಾಗಿ, ಉಸಿರಿಗೆ ಆಮ್ಲಜನಕ ಕಡಿಮೆ ಸಿಗುತ್ತದೆ. ಅವರು ಹೋದ ಅಮುಂಡ್ಸೆನ್-ಸ್ಕಾಟ್ ಕೇಂದ್ರ ಸಮುದ್ರ ಮಟ್ಟದಿಂದ ಸುಮಾರು 2,835 ಮೀಟರ್ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್! ಧ್ರುವದ ಆ ಎತ್ತರದಲ್ಲಿ ಬಹುಪಾಲು ಬರೀ ಮಂಜುಗಡ್ಡೆ, ಎರಡೂವರೆ ಕಿಲೋಮೀಟರಿಗಿಂತ ದಪ್ಪ. ಮೇಲಾಗಿ ಧ್ರುವದ ಹತ್ತಿರ ಗಾಳಿಯ ಒತ್ತಡ ಇನ್ನೂ ಕಡಿಮೆ. ಹಾಗಾಗಿ ದೇಹಕ್ಕೆ 3,000 ಮೀಟರ್ ದಾಟಿದಂತೆಯೇ ಅನಿಸುತ್ತದೆ. ಹೊಸಬರಿಗೆ ಮೊದಲು ಸುಮ್ನೆ ರೆಸ್ಟ್ ಮಾಡಿ, ನೀರು ಜಾಸ್ತಿ ಕುಡಿಯಿರಿ ಅನ್ನುವುದು ಅದಕ್ಕೇ.

ಅಷ್ಟು ಮಂಜುಗಡ್ಡೆ ಇದ್ದರೂ ಅದು ಮರುಭೂಮಿ. ಕೊಟ್ಟಿಗೆಹಾರದ ಮಳೆ ನೋಡಿ ಬೆಳೆದ ಮಕ್ಕಳಿಗೆ ಇದನ್ನು ನಂಬಿಸುವುದು ಕಷ್ಟ. ಅಲ್ಲಿ ಹಿಮ ಬೀಳುವುದು ತೀರಾ ಕಡಿಮೆ. ಆದರೆ ಬಿದ್ದದ್ದು ಕರಗುವುದಿಲ್ಲ, ಸಾವಿರಾರು ವರ್ಷ ಸೇರುತ್ತಾ ಹೋಗಿ ಅಷ್ಟು ದಪ್ಪವಾಗಿದೆ. ಇದನ್ನೂ ಸೇರಿಸಿದ್ದರೆ ಚೆನ್ನಾಗಿತ್ತು.

ಭಾರತದ ಮೈತ್ರಿ (1989) ಮತ್ತು ಭಾರತಿ (2012) ಕೇಂದ್ರಗಳೂ ಅದೇ ಅಂಟಾರ್ಕ್ಟಿಕಾ ಖಂಡದಲ್ಲಿವೆ. ನಮ್ಮ ಹಳ್ಳಿ ಶಾಲೆಗಳ ಟೀಚರುಗಳಿಗೂ ಅಲ್ಲಿಗೆ ಹೋಗುವ ಅವಕಾಶ ಸಿಗಬೇಕು, ಅಲ್ವಾ? ಮುಂದಿನ ಲೇಖನದಲ್ಲಿ ಆ ಕೇಂದ್ರಗಳ ದಿನಚರಿ ಬರೆಯಿರಿ. ಕಾಯುತ್ತಿರುತ್ತೇವೆ.