ಲೋಕಲ್ ರೆಪೊಸಿಟರಿ ಅಳಿಸಿದರೆ ನಿಮ್ಮ ಬಿಲ್ಡ್ ಉಳಿಯುತ್ತದೆಯೇ?

ಜಾವಾ, ಕೋಟ್ಲಿನ್ ಪ್ರಾಜೆಕ್ಟ್‌ಗಳಲ್ಲಿ ಕೆಲಸ ಮಾಡುವ ಸ್ನೇಹಿತರಿಗೆ ಒಂದು ಪ್ರಶ್ನೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವ ಲೋಕಲ್ ರೆಪೊಸಿಟರಿಯನ್ನು, ಅಂದರೆ ಪ್ರಾಜೆಕ್ಟಿಗೆ ಬೇಕಾದ ಲೈಬ್ರರಿಗಳನ್ನು ಇಳಿಸಿ ಇಟ್ಟುಕೊಂಡಿರುವ ಫೋಲ್ಡರನ್ನು, ಈಗಲೇ ಪೂರ್ತಿ ಅಳಿಸಿ, ಪ್ರಾಜೆಕ್ಟನ್ನು ಮತ್ತೆ ಬಿಲ್ಡ್ ಮಾಡಿದರೆ ಏನಾಗುತ್ತದೆ? "ಸ್ವಲ್ಪ ಹೊತ್ತು ಡೌನ್‌ಲೋಡ್ ಆಗುತ್ತೆ, ಆಮೇಲೆ ಎಂದಿನ ಹಾಗೆ ನಡೆಯುತ್ತೆ" ಅನ್ನುವುದು ನಿಮ್ಮ ಉತ್ತರವಾದರೆ ಸಂತೋಷ. "ಅಯ್ಯೋ, ಅದನ್ನು ಮಾತ್ರ ಮುಟ್ಟಬೇಡಿ" ಅನ್ನುವುದಾದರೆ ದಯವಿಟ್ಟು ಮುಂದೆ ಓದಿ.

ಈ ಎರಡನೇ ಉತ್ತರವನ್ನೇ ನಾನು ಜಾಸ್ತಿ ಕೇಳಿದ್ದೇನೆ. ಮೇವನ್, ಗ್ರೇಡಲ್‌ನಂಥ ಬಿಲ್ಡ್ ಟೂಲ್ (ಬೇಕಾದ ಲೈಬ್ರರಿಗಳನ್ನು ತಂದು, ಕೋಡನ್ನು ಓಡಿಸಬಹುದಾದ ಸಾಫ್ಟ್‌ವೇರ್ ಆಗಿ ಕಟ್ಟಿಕೊಡುವ ಟೂಲ್) ಬಗ್ಗೆ ನನಗಿರುವ ದೊಡ್ಡ ತಕರಾರೂ ಇದೇ. ಟೂಲ್ ಮೇಲಲ್ಲ, ನಾವು ಅದನ್ನು ಬಳಸುವ ರೀತಿಯ ಮೇಲೆ. ಲೋಕಲ್ ರೆಪೊಸಿಟರಿ ಕೊಡ, ಬಾವಿಯಲ್ಲ. ಖಾಲಿಯಾದರೆ ಮತ್ತೆ ತುಂಬಿಸಿಕೊಳ್ಳುವಂತಿರಬೇಕು.

ಮೇವನ್ ಬಳಸುವವರಿಗೆ ಡಾಟ್ ಎಂ2 ಫೋಲ್ಡರ್ ಗೊತ್ತೇ ಇರುತ್ತದೆ. ಮೇವನ್‌ನ ಲೋಕಲ್ ರೆಪೊಸಿಟರಿ ಇರುವುದು ಅಲ್ಲೇ. ಒಂದು ಜಾರ್ (ಜಾವಾ ಲೈಬ್ರರಿಯ ಫೈಲ್) ಬೇಕಾದಾಗ ಮೇವನ್ ಮೊದಲು ಅಲ್ಲಿ ನೋಡುತ್ತದೆ. ಇಲ್ಲದಿದ್ದರೆ ಪಟ್ಟಿಯಲ್ಲಿರುವ ರಿಮೋಟ್ ರೆಪೊಸಿಟರಿಗಳನ್ನು (ಬೇರೆ ಸರ್ವರ್‌ಗಳಲ್ಲಿರುವ ಲೈಬ್ರರಿ ಸಂಗ್ರಹಗಳನ್ನು) ಒಂದೊಂದಾಗಿ ಕೇಳುತ್ತದೆ. ಸಿಕ್ಕಿದ್ದನ್ನು ತಂದು ಇಲ್ಲಿ ಇಟ್ಟುಕೊಳ್ಳುತ್ತದೆ. ನಾವು ಇನ್‌ಸ್ಟಾಲ್ ಕಮಾಂಡ್ ಕೊಟ್ಟಾಗ ನಮ್ಮದೇ ಮಾಡ್ಯೂಲ್‌ಗಳು ಬಂದು ಕೂರುವುದೂ ಇದೇ ಫೋಲ್ಡರಿಗೆ. ಅಂದರೆ ಹೊರಗಿನಿಂದ ಬಂದದ್ದು, ನಾವು ಮಾಡಿದ್ದು, ಯಾರೋ ಯಾವಾಗಲೋ ಕೈಯಿಂದ ಹಾಕಿದ್ದು, ಎಲ್ಲ ಒಂದೇ ಕಡೆ ಬೆರೆತಿರುತ್ತದೆ. ತೊಂದರೆ ಹುಟ್ಟುವುದು ಇಲ್ಲೇ.

ಕೈಯಿಂದ ಹಾಕುವ ಅಭ್ಯಾಸಕ್ಕೆ ಒಂದು ಕಾಲದಲ್ಲಿ ಕಾರಣವೂ ಇತ್ತು. ಒರಾಕಲ್ ಡೇಟಾಬೇಸಿನ ಜೆಡಿಬಿಸಿ ಡ್ರೈವರ್ (ಜಾವಾದಿಂದ ಡೇಟಾಬೇಸ್ ತಲುಪಲು ಬೇಕಾದ ಲೈಬ್ರರಿ) ವರ್ಷಗಟ್ಟಲೆ ಮೇವನ್ ಸೆಂಟ್ರಲ್ ಎಂಬ ದೊಡ್ಡ ಸಾರ್ವಜನಿಕ ರೆಪೊಸಿಟರಿಯಲ್ಲಿ ಇರಲಿಲ್ಲ. ಎಲ್ಲರೂ ಅದನ್ನು ಬೇರೆ ಕಡೆಯಿಂದ ಇಳಿಸಿಕೊಂಡು ಲೋಕಲ್ ರೆಪೊಸಿಟರಿಗೆ ಹಾಕಿಕೊಳ್ಳುತ್ತಿದ್ದರು. 2019ರಲ್ಲಿ ಒರಾಕಲ್ ತಾನೇ ಅದನ್ನು ಸೆಂಟ್ರಲ್‌ಗೆ ಕೊಟ್ಟಿತು. ಕಾರಣ ಹೋಯಿತು, ಅಭ್ಯಾಸ ಮಾತ್ರ ಎಷ್ಟೋ ಟೀಮ್‌ಗಳಲ್ಲಿ ಹಾಗೇ ಉಳಿಯಿತು. ಹೊಸಬರು ಟೀಮಿಗೆ ಸೇರಿದಾಗ "ಆ ಫೋಲ್ಡರನ್ನು ಜಿಪ್ ಮಾಡಿ ಕಳಿಸ್ತೀನಿ, ನಿಮ್ಮ ಮೆಷಿನ್‌ನಲ್ಲಿ ಬಿಚ್ಚಿಕೊಳ್ಳಿ" ಅನ್ನುವ ಮಾತು ಇವತ್ತಿಗೂ ಕೇಳಿಬರುತ್ತದೆ. ಆ ಜಿಪ್ ಒಳಗೆ ಏನಿದೆ, ಯಾವ ಜಾರ್ ಎಲ್ಲಿಂದ ಬಂತು, ಯಾರು ಬದಲಿಸಿದರು ಎಂದು ಕೇಳಿದರೆ ಯಾರೂ ಹೇಳಲಾರರು. ಅದೇ ಸಾಫ್ಟ್‌ವೇರ್ ನಾಳೆ ಜನರ ಕೈಗೆ ಹೋಗುತ್ತದೆ, ಅಲ್ವಾ?

ಮೇವನ್ 3 ಈ ವಿಷಯದಲ್ಲಿ ಸ್ವಲ್ಪ ಎಚ್ಚರವಾಗಿದೆ. ಪ್ರತಿ ಜಾರ್ ಪಕ್ಕದಲ್ಲಿ, ಅದು ಯಾವ ಐಡಿಯ ರೆಪೊಸಿಟರಿಯಿಂದ ಬಂತು ಎಂದು ಒಂದು ಚಿಕ್ಕ ಫೈಲಿನಲ್ಲಿ ಬರೆದಿಡುತ್ತದೆ. ಆ ಐಡಿ ನಿಮ್ಮ ಈಗಿನ ಸೆಟ್ಟಿಂಗ್ಸ್‌ನಲ್ಲಿ ಇಲ್ಲದಿದ್ದರೆ, ಜಾರ್ ಕಣ್ಣೆದುರಿಗೇ ಇದ್ದರೂ ಇಲ್ಲ ಎನ್ನುತ್ತದೆ. ತುಂಬಾ ಜನ ಇದನ್ನು ಬಗ್ ಅಂದುಕೊಂಡು ಆ ಚಿಕ್ಕ ಫೈಲನ್ನೇ ಅಳಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಈ ಜಾರ್ ಎಲ್ಲಿಂದ ಬಂತೋ ಆ ಜಾಗಕ್ಕೆ ನಿನಗೆ ಈಗ ದಾರಿಯಿಲ್ಲ ಎಂದು ಮೇವನ್ ಹೇಳುತ್ತಿದೆ. ಸರಿಪಡಿಸಬೇಕಾದದ್ದು ಆ ದಾರಿಯನ್ನು.

ಇನ್ನೊಂದು ಗೊಂದಲ, ಸೋತ ಡೌನ್‌ಲೋಡ್‌ನದು. ಒಂದು ಜಾರ್ ಸಿಗದಿದ್ದರೆ ಮೇವನ್ ಆ ಸೋಲನ್ನೂ ಬರೆದಿಟ್ಟುಕೊಳ್ಳುತ್ತದೆ. ಅಪ್‌ಡೇಟ್ ಪಾಲಿಸಿಯ ಅವಧಿ ಮುಗಿಯುವ ತನಕ ಮತ್ತೆ ಕೇಳುವುದಿಲ್ಲ. ಡೀಫಾಲ್ಟ್ ಅವಧಿ ಒಂದು ದಿನ. ಅತ್ತ ಕಡೆ ಜಾರ್ ಹಾಕಿ ಆಯಿತು, ಇತ್ತ ಬಿಲ್ಡ್ ಮಾತ್ರ ಕೆಂಪು. ಕಮಾಂಡಿಗೆ ದೊಡ್ಡಕ್ಷರದ ಯು ಆಪ್ಶನ್ ಸೇರಿಸಿದರೆ ಸಾಕು, ತಕ್ಷಣ ಮತ್ತೆ ಕೇಳುತ್ತದೆ. ಗ್ರೇಡಲ್‌ನಲ್ಲೂ ಸ್ನ್ಯಾಪ್‌ಶಾಟ್ ವರ್ಷನ್‌ಗಳು (ರಿಲೀಸ್ ಆಗದ, ಇನ್ನೂ ಬದಲಾಗುತ್ತಿರುವ ವರ್ಷನ್‌ಗಳು) ಡೀಫಾಲ್ಟ್ ಆಗಿ 24 ಗಂಟೆ ಕ್ಯಾಶ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಇರುತ್ತವೆ. ಅಲ್ಲಿ ರಿಫ್ರೆಶ್ ಡಿಪೆಂಡೆನ್ಸೀಸ್ ಆಪ್ಶನ್ ಇದೆ. ಈ ಎರಡು ವಿಷಯ ಗೊತ್ತಿದ್ದರೆ ಎಷ್ಟೋ ಮಧ್ಯಾಹ್ನಗಳು ಉಳಿಯುತ್ತವೆ.

ಗ್ರೇಡಲ್ ಬಳಸುವವರಿಗೆ ನನ್ನ ಒಂದು ವಿನಂತಿ. ರೆಪೊಸಿಟರಿಗಳ ಪಟ್ಟಿಯಲ್ಲಿ ಮೇವನ್‌ಲೋಕಲ್ (ಮೇವನ್‌ನ ಲೋಕಲ್ ರೆಪೊಸಿಟರಿಯಲ್ಲೂ ಹುಡುಕು) ಎಂಬ ಸಾಲು ಇದ್ದರೆ, ಅದು ಯಾಕಿದೆ ಎಂದು ಒಮ್ಮೆ ಕೇಳಿಕೊಳ್ಳಿ. ಎಷ್ಟೋ ಕಡೆ ಅದು ಸುಮ್ನೆ ಇರುತ್ತದೆ, ಅದೂ ಪಟ್ಟಿಯ ಮೊದಲನೇ ಸಾಲಾಗಿ. ಗ್ರೇಡಲ್‌ನ ಅಧಿಕೃತ ದಾಖಲೆಯೇ ಅದನ್ನು ಬೇಡ ಎನ್ನುತ್ತದೆ. ಕಾರಣಗಳೂ ಗಟ್ಟಿಯಾಗಿವೆ. ಮೇವನ್‌ಗೆ ಆ ಫೋಲ್ಡರ್ ಕ್ಯಾಶ್ ಆದ್ದರಿಂದ ಅಲ್ಲಿ ಅರ್ಧಂಬರ್ಧ ಮಾಡ್ಯೂಲ್‌ಗಳು ಇರಬಹುದು. ಗ್ರೇಡಲ್ ಒಂದು ರೆಪೊಸಿಟರಿಯಲ್ಲಿ ಮಾಡ್ಯೂಲ್ ಕಂಡರೆ ಅದರ ಫೈಲುಗಳನ್ನೆಲ್ಲ ಅಲ್ಲೇ ಹುಡುಕುತ್ತದೆ, ಬೇರೆ ಕಡೆ ಹೋಗುವುದಿಲ್ಲ. ಜೊತೆಗೆ ಆ ಫೋಲ್ಡರಿನ ಫೈಲನ್ನು ಯಾರು ಬೇಕಾದರೂ ಬದಲಿಸಬಹುದಾದ್ದರಿಂದ ಗ್ರೇಡಲ್ ಅದನ್ನು ನಂಬಿ ಕ್ಯಾಶ್ ಮಾಡುವುದಿಲ್ಲ, ಬಿಲ್ಡ್ ನಿಧಾನವಾಗುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಇದು: ನಿಮ್ಮ ಮೆಷಿನ್‌ನ ಬಿಲ್ಡ್ ಬೇರೆ, ಪಕ್ಕದವರ ಬಿಲ್ಡ್ ಬೇರೆ, ಸಿಐ ಸರ್ವರ್‌ನ (ಟೀಮಿನ ಕೋಡನ್ನು ತಾನಾಗಿ ಬಿಲ್ಡ್ ಮಾಡಿ ನೋಡುವ ಸರ್ವರ್‌ನ) ಬಿಲ್ಡ್ ಬೇರೆ ಆಗಿಬಿಡುತ್ತದೆ. ಎರಡು ಪ್ರಾಜೆಕ್ಟ್‌ಗಳನ್ನು ಒಟ್ಟಿಗೆ ಬದಲಿಸಿ ನೋಡಬೇಕಾದರೆ ಕಾಂಪೋಸಿಟ್ ಬಿಲ್ಡ್ ಇದೆ. ಸೆಟ್ಟಿಂಗ್ಸ್ ಫೈಲಿನಲ್ಲಿ ಇನ್‌ಕ್ಲೂಡ್‌ಬಿಲ್ಡ್ ಎಂದು ಬರೆದು ಆ ಪ್ರಾಜೆಕ್ಟಿನ ಫೋಲ್ಡರ್ ತೋರಿಸಿದರೆ ಆಯಿತು.

ಇನ್ನು ರಿಮೋಟ್ ಕಡೆಗೆ ಬರೋಣ. ಒಂದು ರೆಪೊಸಿಟರಿಯ ವಿಳಾಸ ಬರೆಯುವುದು ಎಂದರೆ, ಅಲ್ಲಿಂದ ಬರುವ ಕೋಡನ್ನು ನಮ್ಮ ಮೆಷಿನ್‌ನಲ್ಲಿ ಓಡಿಸಲು ಅನುಮತಿ ಕೊಡುವುದು. ಇಷ್ಟು ದೊಡ್ಡ ನಿರ್ಧಾರವನ್ನು ನಾವು ಎಲ್ಲಿಂದಲೋ ಕಾಪಿ ಮಾಡಿದ ಮೂರು ಸಾಲಿನಲ್ಲಿ ಮುಗಿಸುತ್ತೇವೆ. ಕೋಡಿನ ಪ್ರತಿ ಸಾಲಿಗೂ ರಿವ್ಯೂ ಕೇಳುವ ಟೀಮ್, ಹೊಸ ರೆಪೊಸಿಟರಿ ವಿಳಾಸ ಸೇರಿದಾಗ ಗಮನಿಸುವುದೇ ಇಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

2021ರ ಫೆಬ್ರವರಿಯಲ್ಲಿ ಅಲೆಕ್ಸ್ ಬಿರ್ಸಾನ್ ಎಂಬ ಭದ್ರತಾ ಸಂಶೋಧಕರು ಬರೆದದ್ದು ನೆನಪಿರಬಹುದು. ದೊಡ್ಡ ಕಂಪನಿಗಳು ಒಳಗೆ ಬಳಸುವ ಪ್ಯಾಕೇಜುಗಳ ಹೆಸರನ್ನು ಪತ್ತೆ ಮಾಡಿ, ಅದೇ ಹೆಸರಿನಲ್ಲಿ ಎನ್‌ಪಿಎಂ, ಪೈಪಿಐ, ರೂಬಿಜೆಮ್ಸ್‌ನಂಥ ಸಾರ್ವಜನಿಕ ಪ್ಯಾಕೇಜ್ ಸಂಗ್ರಹಗಳಲ್ಲಿ ತಮ್ಮ ಪ್ಯಾಕೇಜ್ ಹಾಕಿದರು. ಬಿಲ್ಡ್ ಟೂಲ್‌ಗಳು ಒಳಗಿನದನ್ನು ಬಿಟ್ಟು ಹೊರಗಿನದನ್ನು ಎಳೆದುಕೊಂಡವು. ಆಪಲ್, ಮೈಕ್ರೋಸಾಫ್ಟ್, ಪೇಪಾಲ್ ಸೇರಿ 35ಕ್ಕೂ ಹೆಚ್ಚು ಕಂಪನಿಗಳ ಒಳಗೆ ಅವರ ಕೋಡ್ ಓಡಿತು. ಮೇವನ್ ಸೆಂಟ್ರಲ್‌ನಲ್ಲಿ ಗ್ರೂಪ್ ಐಡಿಗೆ (ಲೈಬ್ರರಿ ಯಾರದು ಎಂದು ಹೇಳುವ ಹೆಸರಿಗೆ) ಡೊಮೈನ್ ನಿಮ್ಮದೇ ಎಂದು ತೋರಿಸಬೇಕು, ಹಾಗಾಗಿ ಇದು ಅಷ್ಟು ಸುಲಭವಲ್ಲ. ಆದರೆ ನಿಮ್ಮ ಪಟ್ಟಿಯಲ್ಲಿ ಸೆಂಟ್ರಲ್ ಒಂದೇ ಇದೆಯಾ? ಇನ್ನೂ ನಾಲ್ಕು ವಿಳಾಸಗಳಿದ್ದರೆ ಆ ನಾಲ್ಕರಲ್ಲೂ ಇದೇ ಕಟ್ಟುನಿಟ್ಟು ಇದೆಯಾ?

ಗ್ರೇಡಲ್‌ನಲ್ಲಿ ಇದಕ್ಕೆ ಒಳ್ಳೆಯ ಉಪಾಯ ಇದೆ. 5.1ನೇ ವರ್ಷನ್‌ನಿಂದ, ಯಾವ ಗ್ರೂಪನ್ನು ಯಾವ ರೆಪೊಸಿಟರಿಯಲ್ಲಿ ಹುಡುಕಬೇಕು ಎಂದು ಫಿಲ್ಟರ್ ಬರೆಯಬಹುದು. ನಮ್ಮ ಕಂಪನಿಯ ಗ್ರೂಪ್ ಒಳಗಿನ ಸರ್ವರ್‌ನಲ್ಲಿ ಮಾತ್ರ, ಉಳಿದದ್ದು ಸೆಂಟ್ರಲ್‌ನಲ್ಲಿ. ಹುಡುಕಾಟವೂ ವೇಗವಾಗುತ್ತದೆ, ಒಳಗಿನ ಹೆಸರುಗಳು ಹೊರಗಿನ ಸರ್ವರ್‌ಗಳ ಲಾಗಿಗೆ ಹೋಗುವುದೂ ತಪ್ಪುತ್ತದೆ. 6.8ರಿಂದ ರೆಪೊಸಿಟರಿಗಳನ್ನೆಲ್ಲ ಸೆಟ್ಟಿಂಗ್ಸ್ ಫೈಲಿನಲ್ಲಿ ಒಂದೇ ಕಡೆ ಬರೆದು, ಯಾವುದಾದರೂ ಮಾಡ್ಯೂಲ್ ತನ್ನದೇ ವಿಳಾಸ ಸೇರಿಸಿದರೆ ಬಿಲ್ಡ್ ನಿಲ್ಲುವಂತೆ ಮಾಡಬಹುದು. ಇದನ್ನು ನಾನು ಎಲ್ಲ ಪ್ರಾಜೆಕ್ಟ್‌ಗಳಿಗೂ ಹೇಳುತ್ತೇನೆ. ಬಿಲ್ಡ್ ನಿಂತಾಗ ಮಾತುಕತೆ ಶುರುವಾಗುತ್ತದೆ, ಅದೇ ಬೇಕಾಗಿರುವುದು.

ಮೇವನ್ ಕಥೆ ಬೇರೆ. ನೀವು ಬಳಸುವ ಲೈಬ್ರರಿಯ ಪೋಮ್ ಫೈಲಿನಲ್ಲಿ (ಅದರ ವಿವರಗಳನ್ನು ಮೇವನ್‌ಗೆ ತಿಳಿಸುವ ಫೈಲಿನಲ್ಲಿ) ಅದನ್ನು ಬರೆದವರು ಬೇರೊಂದು ರೆಪೊಸಿಟರಿ ವಿಳಾಸ ಕೊಟ್ಟಿದ್ದರೆ, ಆ ಲೈಬ್ರರಿಯ ಡಿಪೆಂಡೆನ್ಸಿಗಳನ್ನು (ಅದಕ್ಕೆ ಬೇಕಾದ ಬೇರೆ ಲೈಬ್ರರಿಗಳನ್ನು) ಹುಡುಕುವಾಗ ಮೇವನ್ ಆ ವಿಳಾಸಕ್ಕೂ ಹೋಗುತ್ತದೆ. ನೀವು ಅದನ್ನು ಎಲ್ಲೂ ಬರೆದಿರುವುದಿಲ್ಲ. ಗ್ರೇಡಲ್ ಹೀಗೆ ಮಾಡುವುದಿಲ್ಲ. ಆದ್ದರಿಂದಲೇ ಮೇವನ್ ಬಳಸುವ ಕಂಪನಿಗಳು ಸೆಟ್ಟಿಂಗ್ಸ್ ಎಕ್ಸ್‌ಎಂಎಲ್ ಫೈಲಿನಲ್ಲಿ ಮಿರರ್ ಹಾಕಿ, ಅದರ ಮಿರರ್‌ಆಫ್ ಜಾಗದಲ್ಲಿ ನಕ್ಷತ್ರ ಚಿಹ್ನೆ ಕೊಡಬೇಕು. ಆಗ ಯಾವ ಪೋಮ್‌ನಲ್ಲಿ ಏನೇ ಬರೆದಿರಲಿ, ಎಲ್ಲ ಕೋರಿಕೆಗಳೂ ನಿಮ್ಮ ಒಳಗಿನ ಸರ್ವರ್‌ಗೇ ಬರುತ್ತವೆ. ಇದೊಂದು ಸಾಲು ಮಾಡುವಷ್ಟು ಕೆಲಸವನ್ನು ಹತ್ತು ಪುಟದ ನಿಯಮಾವಳಿ ಮಾಡಲಾರದು.

ಒಳಗಿನ ಸರ್ವರ್ ಎಂದರೆ ನೆಕ್ಸಸ್ ಇರಬಹುದು, ಆರ್ಟಿಫ್ಯಾಕ್ಟರಿ ಇರಬಹುದು. ಹೆಸರುಗಳು ಸ್ವಲ್ಪ ಬೇರೆ, ಕೆಲಸ ಒಂದೇ. ನಮ್ಮದನ್ನು ಇಡುವ ಜಾಗ ಒಂದು, ಹೊರಗಿನದನ್ನು ತಂದು ಇಟ್ಟುಕೊಳ್ಳುವ ಜಾಗ ಇನ್ನೊಂದು, ಎರಡನ್ನೂ ಒಂದೇ ವಿಳಾಸದಲ್ಲಿ ತೋರಿಸುವುದು ಮೂರನೆಯದು. ಆರ್ಟಿಫ್ಯಾಕ್ಟರಿಯಲ್ಲಿ ನಮ್ಮದನ್ನು ಇಡುವ ಜಾಗಕ್ಕೂ ಲೋಕಲ್ ಅನ್ನುತ್ತಾರೆ. ಅದು ನಿಮ್ಮ ಲ್ಯಾಪ್‌ಟಾಪ್‌ನ ಲೋಕಲ್ ಅಲ್ಲ, ಹೊಸಬರಿಗೆ ಇದನ್ನು ಮೊದಲೇ ಹೇಳಿಬಿಡಿ. ರಿಲೀಸ್ ಮತ್ತು ಸ್ನ್ಯಾಪ್‌ಶಾಟ್ ಬೇರೆ ಬೇರೆ ಇಡಿ. ಒಮ್ಮೆ ಹಾಕಿದ ರಿಲೀಸನ್ನು ಮತ್ತೆ ಬರೆಯಲು ಯಾರಿಗೂ ಬಿಡಬೇಡಿ. ಸೆಂಟ್ರಲ್‌ನಲ್ಲೂ ಒಮ್ಮೆ ಪ್ರಕಟವಾದ ವರ್ಷನನ್ನು ಬದಲಿಸಲು ಆಗುವುದಿಲ್ಲ. ಪಾಸ್‌ವರ್ಡ್ ಪೋಮ್‌ನಲ್ಲಿ ಬೇಡ, ಸೆಟ್ಟಿಂಗ್ಸ್ ಫೈಲಿನಲ್ಲಿರಲಿ. ಅಲ್ಲಿನ ಸರ್ವರ್ ಐಡಿ ಮತ್ತು ಪೋಮ್‌ನ ರೆಪೊಸಿಟರಿ ಐಡಿ ಒಂದೇ ಆಗಿರಬೇಕು. ಡಿಪ್ಲಾಯ್ ಮಾಡುವಾಗ (ಸರ್ವರ್‌ಗೆ ಹಾಕುವಾಗ) 401, ಅಂದರೆ ಲಾಗಿನ್ ಒಪ್ಪಲಿಲ್ಲ ಎಂಬ ಎರರ್, ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ.

"ಸೆಂಟ್ರಲ್ ಇದೆಯಲ್ಲ, ನಡುವೆ ಇನ್ನೊಂದು ಸರ್ವರ್ ಯಾಕೆ?" ಎಂದು ಕೇಳುವವರಿಗೆ ಜೆಸೆಂಟರ್ ಎಂಬ ಸಾರ್ವಜನಿಕ ರೆಪೊಸಿಟರಿಯನ್ನು ನೆನಪಿಸುತ್ತೇನೆ. ಆಂಡ್ರಾಯ್ಡ್ ಪ್ರಾಜೆಕ್ಟ್‌ಗಳಲ್ಲಿ ಅದು ಡೀಫಾಲ್ಟ್ ಆಗಿ ಬರುತ್ತಿದ್ದ ಕಾಲವಿತ್ತು. 2021ರ ಫೆಬ್ರವರಿಯಲ್ಲಿ, ಅದನ್ನು ನಡೆಸುತ್ತಿದ್ದ ಜೆಫ್ರಾಗ್ ಕಂಪನಿ ಅದನ್ನು ನಿಲ್ಲಿಸುವುದಾಗಿ ಹೇಳಿತು. ಆಮೇಲೆ ಓದಲು ಮಾತ್ರ ಉಳಿಸಿತು. ಅಲ್ಲಿ ಮಾತ್ರ ಇದ್ದ ಲೈಬ್ರರಿಗಳನ್ನು ನೆಚ್ಚಿಕೊಂಡವರು ಪರದಾಡಿದರು. ಸೆಂಟ್ರಲ್ ಕೂಡ 2020ರ ಜನವರಿ 15ರಿಂದ ಎಚ್‌ಟಿಟಿಪಿ ವಿಳಾಸಕ್ಕೆ ಉತ್ತರ ಕೊಡುವುದನ್ನು ನಿಲ್ಲಿಸಿತು, ಎಚ್‌ಟಿಟಿಪಿಎಸ್ ಮಾತ್ರ. ಅದು ಸರಿಯಾದ ನಿರ್ಧಾರವೇ. ಆದರೆ ಹಳೆಯ ವಿಳಾಸ ನೂರು ಪೋಮ್‌ಗಳಲ್ಲಿ ಹರಡಿದ್ದವರು ನೂರು ಕಡೆ ತಿದ್ದಬೇಕಾಯಿತು, ಮಿರರ್ ಇದ್ದವರು ಒಂದು ಕಡೆ. ಇನ್ನೊಂದು ಮಾತು, ಸೆಂಟ್ರಲ್ ನಮಗೆಲ್ಲ ಉಚಿತವಾಗಿ ಸಿಗುತ್ತಿದೆ. ಅದರ ಬ್ಯಾಂಡ್‌ವಿಡ್ತ್‌ನ ಶೇಕಡಾ 83ರಷ್ಟನ್ನು ಕೇವಲ ಶೇಕಡಾ 1ರಷ್ಟು ಐಪಿ ವಿಳಾಸಗಳು ಬಳಸುತ್ತಿವೆ ಎಂದು ಅದನ್ನು ನಡೆಸುವ ಸೋನಾಟೈಪ್ 2024ರಲ್ಲಿ ಹೇಳಿತು. ಪ್ರತಿ ಸಿಐ ಬಿಲ್ಡ್‌ಗೂ ಅದೇ ಜಾರ್‌ಗಳನ್ನು ಮತ್ತೆ ಮತ್ತೆ ಅಲ್ಲಿಂದಲೇ ಎಳೆಯುವುದು ಸರಿಯಲ್ಲ. ಪ್ರಾಕ್ಸಿ (ಜಾರ್‌ಗಳನ್ನು ಒಮ್ಮೆ ತಂದು ಇಟ್ಟುಕೊಳ್ಳುವ ನಡುವಿನ ಸರ್ವರ್) ಇಟ್ಟುಕೊಳ್ಳುವುದು ನಮಗೂ ಒಳ್ಳೆಯದು, ಅವರಿಗೂ.

ಚಿಕ್ಕ ಟೀಮ್‌ಗೆ ಸರ್ವರ್ ಭಾರ ಎನಿಸಬಹುದು, ಒಪ್ಪುತ್ತೇನೆ. ಆಗ ಸೆಂಟ್ರಲ್ ಒಂದೇ ಇಟ್ಟುಕೊಳ್ಳಿ, ಗ್ರೇಡಲ್ ಆದರೆ ಡಿಪೆಂಡೆನ್ಸಿ ವೆರಿಫಿಕೇಶನ್ ಆನ್ ಮಾಡಿ ಚೆಕ್‌ಸಮ್‌ಗಳನ್ನು (ಫೈಲ್ ಬದಲಾಗಿಲ್ಲ ಎಂದು ತಾಳೆ ನೋಡುವ ಸಂಖ್ಯೆಗಳನ್ನು) ಗಿಟ್‌ಗೆ ಸೇರಿಸಿ.

ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಏನನ್ನೂ ಅಳಿಸಬೇಕಾಗಿಲ್ಲ. ಮೇವನ್‌ಗೆ ಮೇವನ್ ಡಾಟ್ ರೆಪೊ ಡಾಟ್ ಲೋಕಲ್ ಪ್ರಾಪರ್ಟಿ ಕೊಟ್ಟು ಒಂದು ಖಾಲಿ ಫೋಲ್ಡರ್ ತೋರಿಸಿ. ಗ್ರೇಡಲ್‌ಗೆ ಯೂಸರ್ ಹೋಮ್ (ಅದು ತನ್ನ ಕ್ಯಾಶ್ ಇಡುವ ಫೋಲ್ಡರ್) ಬೇರೆ ಕಡೆಗೆ ಇಡಿ. ಬಿಲ್ಡ್ ಓಡಿಸಿ. ಸಿಗದೆ ಹೋದ ಜಾರ್‌ಗಳ ಹೆಸರು ಒಂದೊಂದಾಗಿ ಹೊರಬರುತ್ತವೆ. ಅವುಗಳಲ್ಲಿ ಕೆಲವು ಈಗ ಸೆಂಟ್ರಲ್‌ನಲ್ಲೇ ಇರುತ್ತವೆ, ವರ್ಷನ್ ಬದಲಿಸಿದರೆ ಮುಗಿಯಿತು. ಉಳಿದವನ್ನು ಸರಿಯಾದ ಗ್ರೂಪ್, ಹೆಸರು, ವರ್ಷನ್ ಕೊಟ್ಟು ಒಳಗಿನ ಸರ್ವರ್‌ಗೆ ಹಾಕಿ, ಎಲ್ಲಿಂದ ತಂದದ್ದು ಎಂದು ಪಕ್ಕದಲ್ಲೇ ಬರೆದಿಡಿ. ಆಮೇಲೆ ಸಿಐನಲ್ಲಿ ವಾರಕ್ಕೊಮ್ಮೆಯಾದರೂ ಖಾಲಿ ಫೋಲ್ಡರಿನಿಂದ ಶುರುವಾಗುವ ಒಂದು ಬಿಲ್ಡ್ ಇರಲಿ. ಅದು ನಿಧಾನ ಅಂತ ಯಾರಾದರೂ ತೆಗೆದುಹಾಕಲು ಬಂದರೆ ಬಿಡಬೇಡಿ.