ಫೀಸಿನ ಜೊತೆ ಬಣ್ಣದ ಖರ್ಚೂ ಇದೆ

ಚಿತ್ರಕಲೆ ಓದುತ್ತಿರುವ ಹುಡುಗಿಯ ಫೀಸನ್ನು ದಾನಿಗಳು ಸೇರಿ ಕಟ್ಟಿದ ಸುದ್ದಿ ಓದಿ ತುಂಬಾ ಖುಷಿಯಾಯ್ತು. ನಮ್ಮಲ್ಲಿ ಇದು ಹೊಸದೇನಲ್ಲ. ಚಿತ್ರಕಲಾವಿದ ಕೆ. ವೆಂಕಟಪ್ಪನವರನ್ನು ಕಲ್ಕತ್ತೆಗೆ ಕಳಿಸಿ, ಹೆಸರಾಂತ ಕಲಾವಿದ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿಯಲು ನೆರವಾದದ್ದು ಮೈಸೂರು ಅರಮನೆಯೇ ಅಲ್ವಾ?

ಆದರೆ ಒಂದು ಮಾತು. ಚಿತ್ರಕಲೆಯ ಪದವಿ ಬಿ.ವಿ.ಎ. (ಬ್ಯಾಚುಲರ್ ಆಫ್ ವಿಷುಯಲ್ ಆರ್ಟ್ಸ್) 4 ವರ್ಷದ ಓದು. ಮೊದಲ ವರ್ಷ ಕೊಡುವವರು ಸಿಗುತ್ತಾರೆ, ಮೂರನೇ ವರ್ಷಕ್ಕೆ ಕೇಳುವವರೇ ಇರುವುದಿಲ್ಲ. ಖರ್ಚು ಜಾಸ್ತಿಯಾಗುವುದೇ ಆಗ. ಕ್ಯಾನ್ವಾಸ್ ದೊಡ್ಡದಾಗುತ್ತದೆ, ಆಯಿಲ್ ಕಲರ್ ಬೇಗ ಮುಗಿಯುತ್ತದೆ. ನನ್ನ ತಂಗಿ ಮಗ ಖಾಲಿ ಟ್ಯೂಬನ್ನು ಕತ್ತರಿಯಿಂದ ಸೀಳಿ, ಒಳಗೆ ಅಂಟಿದ ಬಿಳಿ ಬಣ್ಣವನ್ನು ಚಾಕುವಿನಿಂದ ಕೆರೆದು ತೆಗೆಯುತ್ತಿದ್ದ. ನೋಡಿ ಹೊಟ್ಟೆ ಉರಿಯುತ್ತಿತ್ತು.

ಕೊಡುವವರು ದಯವಿಟ್ಟು ನಾಲ್ಕೂ ವರ್ಷಕ್ಕೆ ಕೊಡಿ. ಫೀಸನ್ನು ಕಾಲೇಜಿಗೆ ಕಟ್ಟಿ, ಬಣ್ಣ, ಬ್ರಷ್ಷಿನ ದುಡ್ಡನ್ನು ಮಕ್ಕಳ ಕೈಗೇ ಕೊಡಿ.